ಸೂಜಿಗೆ ಹೆದರದ ಅಕ್ಕ

ನನ್ನ ಅಕ್ಕ ಸೂಜಿಗೆ ಹೆದರುವ ಹೆಂಗಸಲ್ಲ. ಹಲಸೂರು ಬಜಾರಿನ ಹಿಂದಿನ ಗಲ್ಲಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಒಂದು ಅಕ್ಯುಪಂಕ್ಚರ್ ಕ್ಲಿನಿಕ್ ಇದೆ. ಅಲ್ಲಿನ ಮಂಚದ ಮೇಲೆ ಮೊಣಕಾಲಿನ ಕೆಳಗೆ, ಮುಂಗೈಯಲ್ಲಿ, ನೆತ್ತಿಯಲ್ಲಿ ಕೂದಲೆಳೆಯಂಥ ಸೂಜಿಗಳನ್ನು ಚುಚ್ಚಿಸಿಕೊಂಡು ಅವಳು ಹಾಯಾಗಿ ಗೊರಕೆ ಹೊಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಳಗೆ ಗಿರಣಿ ಓಡುವಾಗ ಮಂಚವೂ ಸಣ್ಣಗೆ ನಡುಗುತ್ತದೆ, ಸೂಜಿಗಳ ತುದಿಗಳೂ ನಡುಗುತ್ತವೆ, ಅಕ್ಕನಿಗೆ ಮಾತ್ರ ಏನೂ ಆಗುವುದಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕುಳಿತ ನನಗೇ ಮೈ ಜುಮ್ಮೆನ್ನುತ್ತದೆ.

ಅವಳ ಕೆಲಸವೂ ಸೂಜಿಯದೇ. ಜೋಗುಪಾಳ್ಯದಲ್ಲಿ ನಾವು ಹುಟ್ಟಿ ಬೆಳೆದ ಎರಡು ಕೋಣೆಯ ಮನೆಯ ಮುಂದಿನ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಗಳಿಂದಲೂ ಅವಳ ಹತ್ತಿರ ಬ್ಲೌಸು ಹೊಲಿಗೆಗೆ ಬರುತ್ತವೆ. ಅವಳು ಮದುವೆಯಾಗಲಿಲ್ಲ. ಯಾಕೆಂದು ಕೇಳಲು ಬಂದ ಹೆಂಗಸರನ್ನೆಲ್ಲ ನಿಲ್ಲಿಸಿ, ಬ್ಲೌಸಿನ ಅಳತೆ ತೆಗೆದುಕೊಂಡು ಕಳಿಸಿದಳು. ಅಮ್ಮ ತೀರಿಕೊಂಡಾಗ ನಾನಿನ್ನೂ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ. ಜಡೆ ಹಾಕಿದವಳು ಅಕ್ಕ, ಓದಿಸಿದವಳು ಅಕ್ಕ, ನಾನು ಮದುವೆಯಾಗಿ ಹೊಸ ತಿಪ್ಪಸಂದ್ರಕ್ಕೆ ಹೊರಟಾಗ ಆಟೋದ ಹಿಂದೆಯೇ ನಡೆದು ಬಂದು, ತಿರುವಿನಲ್ಲಿ ನಿಂತು, ‘ಅಲ್ಲಿ ನೀರು ಬರೋ ಟೈಮ್ ಮೊದ್ಲು ಕೇಳ್ಕೊ’ ಎಂದವಳೂ ಅಕ್ಕ.

ಇಂಥ ಅಕ್ಕ ಒಂದೇ ಒಂದು ಸೂಜಿಯನ್ನು ಬೇಡವೆಂದಳು. ಅದು ಇನ್ಸುಲಿನ್.

ಅವಳಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾಗಿದ್ದವು. ಮಾತ್ರೆಗಳು ಒಂದರ ಮೇಲೊಂದು ಸೇರಿ, ಕೊನೆಗೆ ಇಂದಿರಾನಗರದ ನಮ್ಮ ಡಾಕ್ಟರು, ಇನ್ನು ಮಾತ್ರೆ ಸಾಲದು, ದಿನಕ್ಕೊಮ್ಮೆ ಇನ್ಸುಲಿನ್ ತೆಗೆದುಕೊಳ್ಳಿ ಎಂದರು. ಅಕ್ಕ ತಲೆಯಾಡಿಸಿದಳು, ಹೊರಗೆ ಬಂದಳು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ತುರುಕಿದಳು. ‘ಅದೊಂದ್ ಬಿಟ್ಟು ಬೇರೆ ಏನಾದ್ರೂ ಹೇಳು’ ಎಂದಳು ನನಗೆ. ಇನ್ಸುಲಿನ್ ಎಂದರೆ ಕೊನೆಯ ಮೆಟ್ಟಿಲು ಎಂದು ನಂಬಿದವರು ನಮ್ಮ ಬೀದಿಯಲ್ಲಿ ಬಹಳ ಜನರಿದ್ದಾರೆ. ಅಕ್ಕನೂ ಅವರಲ್ಲಿ ಒಬ್ಬಳೆಂದುಕೊಂಡು ನಾನು ಸಿಟ್ಟಿಗೆದ್ದೆ. ನನಗೆ ಸಿಟ್ಟು ಬರುವುದು ಬೇಗ, ಹೋಗುವುದು ನಿಧಾನ.

ನಾನು ಸಿಟ್ಟಾಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಕೆ.ಆರ್. ಪುರದ ಆಚೆಗಿನ ಒಂದು ಕಾಲೇಜಿನಲ್ಲಿ ನಾನು ಜೀವರಸಾಯನ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಸಕ್ಕರೆ ಹೆಚ್ಚಾದ ರಕ್ತ ದೇಹದೊಳಗೆ ಏನೇನು ಮಾಡುತ್ತದೆಂಬುದನ್ನು ವರ್ಷವರ್ಷವೂ ಹುಡುಗ ಹುಡುಗಿಯರಿಗೆ ತೋರಿಸಿಕೊಡುವುದೇ ನನ್ನ ಕೆಲಸ. ನನ್ನ ಮಾತನ್ನು ಅವರು ಪರೀಕ್ಷೆಯ ಭಯಕ್ಕಾದರೂ ಕೇಳುತ್ತಾರೆ. ನನ್ನ ಸ್ವಂತ ಅಕ್ಕ ಕೇಳುವುದಿಲ್ಲ.

ಇನ್ಸುಲಿನ್ ಬಿಟ್ಟ ಅಕ್ಕ ಹಿಡಿದದ್ದು ಅಕ್ಯುಪಂಕ್ಚರನ್ನು. ಅವಳನ್ನು ಕಾಡುತ್ತಿದ್ದದ್ದು ಸಕ್ಕರೆಗಿಂತ ಹೆಚ್ಚಾಗಿ ಪಾದದ ಉರಿ. ಹೊಲಿಗೆ ಯಂತ್ರದ ಪೆಡಲಿನ ಮೇಲೆ ಕಾಲಿಟ್ಟರೆ ಕೆಂಡದ ಮೇಲೆ ಇಟ್ಟ ಹಾಗಾಗುತ್ತದೆ ಎನ್ನುತ್ತಿದ್ದಳು. ಒದ್ದೆ ಗೋಣಿಚೀಲ ಹಾಸಿಕೊಂಡು ಅದರ ಮೇಲೆ ಕಾಲಿಟ್ಟು ಹೊಲಿಯುತ್ತಿದ್ದಳು. ಯಾರೋ ಗಿರಾಕಿ ಹೇಳಿದರೆಂದು ಗಿರಣಿ ಮಹಡಿಯ ಕ್ಲಿನಿಕ್ಕಿಗೆ ಹೋದಳು. ಅಲ್ಲಿನ ಡಾಕ್ಟರು ಪ್ರಕೃತಿ ಚಿಕಿತ್ಸೆಯನ್ನು ಐದಾರು ವರ್ಷ ಕ್ರಮವಾಗಿ ಓದಿದ ಹೆಂಗಸು, ಮಾತು ಕಡಿಮೆ. ಕೆಲವೇ ವಾರಗಳಲ್ಲಿ ಅಕ್ಕನ ಉರಿ ತಗ್ಗಿತು. ಗೋಣಿಚೀಲ ಹಿತ್ತಲಿಗೆ ಹೋಯಿತು. ಇದು ನಾನು ನೋಡಿದ ಸತ್ಯ, ಇದನ್ನು ನಾನು ಅಲ್ಲಗಳೆಯುವುದಿಲ್ಲ.

ಇದೇ ಕ್ಲಿನಿಕ್ಕಿನಲ್ಲಿ ಒಂದು ಅಧ್ಯಯನವೂ ನಡೆಯುತ್ತಿತ್ತು, ಅದನ್ನು ನಡೆಸುತ್ತಿದ್ದವರು ನನ್ನದೇ ಸಹೋದ್ಯೋಗಿ. ಹುಬ್ಬಳ್ಳಿ ಕಡೆಯ ಮನುಷ್ಯ, ನನಗಿಂತ ಕಿರಿಯರು, ಒಳ್ಳೆಯ ಉತ್ಸಾಹಿ. ಸೂಜಿ ಚುಚ್ಚುವುದರಿಂದ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಕಡಿಮೆಯಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಅವರದು, ಅಳೆಯುವ ಕೆಲಸ ನನ್ನದು. ಕ್ಲಿನಿಕ್ಕಿಗೆ ಬರುವ ರೋಗಿಗಳಲ್ಲಿ ಒಪ್ಪಿದವರ ರಕ್ತವನ್ನು ಚಿಕಿತ್ಸೆಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ತೆಗೆಯುವುದು. ಅರ್ಧ ಜನಕ್ಕೆ ಸೂಜಿ, ಇನ್ನರ್ಧ ಜನ ಅದೇ ಮಂಚದ ಮೇಲೆ ಅಷ್ಟೇ ಹೊತ್ತು ಸುಮ್ಮನೆ ಮಲಗುವುದು. ಕ್ಲಿನಿಕ್ಕಿಗೆ ಹೋದ ಮೊದಲ ದಿನವೇ ಅಕ್ಕನೂ ಸೂಜಿಯ ಪಂಗಡಕ್ಕೆ ಸೇರಿಕೊಂಡಿದ್ದಳು. ಟ್ಯೂಬುಗಳ ಮೇಲೆ ಹೆಸರಿರಲಿಲ್ಲ, ಗುರುತು ಮಾತ್ರ. ಯಾವುದು ಅಕ್ಕನದೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿರಕೂಡದು ಎಂಬುದೇ ನಿಯಮ.

‘ಅದೇನೇ ಅದು, ಆಕ್ಸಿ ಸ್ಟ್ರೆಸ್ಸು? ನಂಗೇನ್ ಟೆನ್ಷನ್ ಇಲ್ವಲ್ಲ’ ಎಂದಿದ್ದಳು ಅಕ್ಕ.

ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಹಳೆಯ ಕೊಬ್ಬರಿ ಕಮಟು ಹಿಡಿಯುತ್ತದಲ್ಲ, ಅದು ಎಣ್ಣೆಯ ಅಂಶಕ್ಕೆ ಗಾಳಿಯ ಆಮ್ಲಜನಕ ತಾಗಿ ಆಗುವ ಕೆಡುಕು. ದೇಹದ ಜೀವಕೋಶಗಳ ಗೋಡೆಯಲ್ಲಿಯೂ ಅಂಥದೇ ಜಿಡ್ಡಿನ ಅಂಶವಿದೆ. ಉಸಿರಾಡಿ, ಉಂಡು, ಬದುಕುವ ದೇಹದೊಳಗೆ ಆಮ್ಲಜನಕದ ಕೆಲವು ಪುಂಡ ಕಣಗಳು ಸದಾ ಹುಟ್ಟುತ್ತಲೇ ಇರುತ್ತವೆ, ಅವುಗಳನ್ನು ಸುಮ್ಮನಾಗಿಸುವ ವಸ್ತುಗಳನ್ನೂ ದೇಹ ತಾನೇ ಮಾಡಿಕೊಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಸದಾ ಹೆಚ್ಚಾಗಿದ್ದರೆ ಪುಂಡರು ಹೆಚ್ಚುತ್ತಾರೆ, ಕಾವಲಿನವರು ಸೋಲುತ್ತಾರೆ. ಆಗ ಸಣ್ಣ ನರಗಳು, ಸಣ್ಣ ರಕ್ತನಾಳಗಳು ಕೆಡುತ್ತವೆ. ಪಾದದ ಉರಿಗೆ ಇದೂ ಒಂದು ಕಾರಣ. ಸೂಜಿ ಚುಚ್ಚಿದಾಗ ನರಗಳ ಮೂಲಕ ಹೋಗುವ ಸುದ್ದಿ ದೇಹದ ಉರಿಯೂತವನ್ನು ತಗ್ಗಿಸಿ, ಕಾವಲಿನವರ ಕೈ ಬಲಪಡಿಸಬಹುದು ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸೂಚನೆಗಳಿವೆ. ಮನುಷ್ಯರಲ್ಲಿ ನಡೆದಿರುವುದು ಹೆಚ್ಚಾಗಿ ಸಣ್ಣ ಪುಟ್ಟ ಅಧ್ಯಯನಗಳು, ಇದೇ ನಿಜವೆಂದು ಎದೆ ತಟ್ಟಿ ಹೇಳುವ ಹಾಗಿಲ್ಲ.

‘ಅಂದ್ರೆ ನನ್ನ ರಕ್ತ ಕಮಟು ಹಿಡಿದಿದೆಯಾ ಅಂತ ನೀನು ನೋಡೋದು’ ಎಂದಳು ಅಕ್ಕ.

‘ಹೆಚ್ಚು ಕಮ್ಮಿ ಹಾಗೇನೆ.’

‘ಸರಿ ಹಾಗಾದ್ರೆ. ನಿನ್ನ ಮೆಷಿನ್ನು ಕಮಟು ಕಮ್ಮಿಯಾಗಿದೆ ಅಂತ ಹೇಳ್ಬಿಟ್ರೆ ನೀನು ಇನ್ಸುಲಿನ್ ಅನ್ನೋ ಮಾತೇ ಎತ್ತಬಾರ್ದು. ಆಗಿಲ್ಲ ಅಂದ್ರೆ ನೋಡೋಣ.’

ಆ ‘ನೋಡೋಣ’ದಲ್ಲಿ ನನಗೊಂದು ಸಣ್ಣ ಬಾಗಿಲು ಕಂಡಿತು. ಕಮಟಿಗೂ ಸಕ್ಕರೆಯ ಅಳತೆಗೂ ಅಷ್ಟು ನೇರ ಸಂಬಂಧವಿಲ್ಲ ಎಂದು ಹೇಳಲು ಹೋದೆ, ಅವಳು ಆಗಲೇ ಯಂತ್ರ ತುಳಿಯಲು ಶುರುಮಾಡಿದ್ದಳು. ಆ ಸದ್ದಿನಲ್ಲಿ ಯಾರ ಮಾತೂ ಅವಳಿಗೆ ಕೇಳುವುದಿಲ್ಲ.

ಹಲಸೂರಿನಿಂದ ಕಾಲೇಜಿಗೆ ರಕ್ತ ತರುವ ಹೊಣೆ ಸಹೋದ್ಯೋಗಿಯದು. ಕ್ಲಿನಿಕ್ಕಿನಲ್ಲಿ ರಕ್ತವನ್ನು ತಿರುಗಿಸಿ ತಿಳಿಯನ್ನು ಬೇರ್ಪಡಿಸುವ ಯಂತ್ರವಿಲ್ಲ, ಹಾಗಾಗಿ ಟ್ಯೂಬುಗಳನ್ನು ಇದ್ದ ಹಾಗೆಯೇ ತಣ್ಣಗಿಟ್ಟು ತರಬೇಕು. ಅವರು ಅದಕ್ಕೆ ತಮ್ಮ ಊಟದ ಡಬ್ಬಿಯ ದಪ್ಪ ಚೀಲವನ್ನೇ ಹಿಡಿದರು. ಕೆಳಗೆ ಐಸು, ಮಧ್ಯೆ ಟ್ಯೂಬುಗಳು, ಮೇಲಿನ ಖಾನೆಯಲ್ಲಿ ಬೇರೆಯಾಗಿ ಕಟ್ಟಿದ ಜೋಳದ ರೊಟ್ಟಿ. ಚೀಲವನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಎರಡು ಪಾದಗಳ ನಡುವೆ ಇಟ್ಟುಕೊಂಡು, ಮಳೆಗಾಲದ ಹಳೇ ಮದ್ರಾಸು ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿ ಸ್ಟಾಪಿನ ಗುಂಡಿಗಳನ್ನು ಹಾರಿಸಿಕೊಂಡು, ಕೆ.ಆರ್. ಪುರದ ತೂಗುಸೇತುವೆ ದಾಟಿ ಬರುತ್ತಿದ್ದರು.

‘ಆಟೋದಾಗ ಬರಬಾರದೇನ್ರಿ?’ ಎಂದು ಅವರದೇ ಧಾಟಿಯಲ್ಲಿ ಒಮ್ಮೆ ಕೆಣಕಿದ್ದೆ.

‘ಆಟೋ ಅಲ್ಲೇ ನಿಂತಿರ್ತದರಿ ಮೇಡಮ್, ಐಸ್ ಕರಗಿ ನೀರಾಗ್ತದ. ನನ್ನ ಸ್ಕೂಟರ್ ನೋಡ್ರಿ, ಸಂದ್ಯಾಗಿಂದ ಸಂದ್ಯಾಗ ನುಗ್ಗಿ ಬಂದ್ಬಿಡ್ತದ’ ಎಂದು ನಕ್ಕರು. ತಣ್ಣಗಿರಬೇಕು, ಬೇಗ ಬರಬೇಕು, ಎರಡೂ ಸರಿಯಾಗಿತ್ತು. ನಾವಿಬ್ಬರೂ ಯೋಚಿಸಿದ್ದು ಅಷ್ಟೇ.

ಮಳೆಗಾಲದಲ್ಲಿ ಎಲ್ಲರ ಮೊದಲ ರಕ್ತ ಬಂತು. ಚಿಕಿತ್ಸೆ ನಡೆಯಿತು. ಎರಡನೆಯ ರಕ್ತ ತೆಗೆಯುವ ಹೊತ್ತಿಗೆ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ಮೆಟ್ರೋ ಕೂಡಿಕೊಂಡಿತು. ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದ ಈ ಕಡೆಯ ಜನ ಮೊದಲ ವಾರ ಸುಮ್ಮನೆ ಆ ತುದಿಯಿಂದ ಈ ತುದಿಗೆ ಹೋಗಿ ಬಂದರು, ನಾನೂ ಹೋಗಿ ಬಂದೆ. ಸಹೋದ್ಯೋಗಿ ಕೂಡ ಸ್ಕೂಟರನ್ನು ಮನೆಯಲ್ಲಿ ಬಿಟ್ಟು, ಹಲಸೂರಿನಲ್ಲಿ ರೈಲು ಹತ್ತಿ, ಊಟದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬರತೊಡಗಿದರು. ಸೀಟು ಸಿಗದಿದ್ದರೆ ಎದೆಗವಚಿಕೊಂಡು ನಿಲ್ಲುತ್ತಿದ್ದರಂತೆ.

ಒಂದಿಬ್ಬರದನ್ನು ಬಿಟ್ಟು ಎಲ್ಲರ ಅಳತೆ ಮುಗಿಯಿತು. ಈ ಪರೀಕ್ಷೆಯಲ್ಲಿ ಕಮಟಿನ ಅಂಶ ಗುಲಾಬಿ ಬಣ್ಣವಾಗಿ ಏಳುತ್ತದೆ. ಬಣ್ಣ ಗಾಢವಾದಷ್ಟೂ ಕೆಡುಕು ಹೆಚ್ಚು. ಮೊದಲಿನ ಟ್ಯೂಬುಗಳಿಗೆ ಹೋಲಿಸಿದರೆ ಎರಡನೆಯವು ಎದ್ದು ಕಾಣುವಷ್ಟು ತಿಳಿಯಾಗಿದ್ದವು. ಗುರುತುಗಳನ್ನು ಬಿಡಿಸಿ ನೋಡಿದ ಸಹೋದ್ಯೋಗಿ ಕುರ್ಚಿಯಿಂದ ಎದ್ದೇ ಬಿಟ್ಟರು. ನನಗೆ ಹೇಳಿದ್ದು ಸಾಲದೆ, ಮರುದಿನ ಕ್ಲಿನಿಕ್ಕಿಗೆ ಹೋದಾಗ ಅಕ್ಕನಿಗೂ ಹೇಳಿದರು: ‘ಅಕ್ಕಾರ, ನಿಮ್ಮ ರಕ್ತ ಭಾಳ ಚಲೋ ಆಗೇತ್ರಿ.’

ಅಕ್ಕ ಅವತ್ತೇ ಕಮರ್ಷಿಯಲ್ ಸ್ಟ್ರೀಟಿಗೆ ಹೋದಳು. ಬಟ್ಟೆ ತಲುಪಿಸಲು ಹೋಗುತ್ತಿದ್ದವಳು ತನಗಾಗಿ ಅಲ್ಲಿ ಏನನ್ನೂ ಕೊಂಡವಳಲ್ಲ. ಉರಿ ಶುರುವಾದಾಗಿನಿಂದ ಹಾಕುತ್ತಿದ್ದ ಅಗಲವಾದ ರಬ್ಬರು ಚಪ್ಪಲಿ ಬಿಟ್ಟು, ಬಂಗಾರದ ಬಣ್ಣದ ಸಣ್ಣ ಪಟ್ಟಿಯ ಚಪ್ಪಲಿ ಕೊಂಡಳು. ಅದನ್ನು ಹಾಕಿಕೊಂಡೇ ನಮ್ಮ ಮನೆಗೆ ಬಂದಳು, ಬಾಗಿಲಲ್ಲಿ ಬಿಡದೆ ಒಳಗೆ ತಂದು ತೋರಿಸಿದಳು.

‘ಮಾತು ಅಂದ್ರೆ ಮಾತು. ಇನ್ಸುಲಿನ್ ಅನ್ನಬಾರ್ದು’ ಎಂದಳು. ನಾನು ಅನ್ನಲಿಲ್ಲ. ನನ್ನದೇ ಪ್ರಯೋಗಾಲಯದ ಅಂಕಿಗೆ ನಾನು ಏನೆಂದು ಎದುರು ಹೇಳಲಿ?

ಆದರೆ ನನ್ನ ತಲೆ ತಿನ್ನುತ್ತಿದ್ದ ಒಂದು ವಿಷಯವಿತ್ತು. ಸೂಜಿ ಚುಚ್ಚಿಸಿಕೊಂಡವರ ಬಣ್ಣ ತಿಳಿಯಾಗಿತ್ತು, ಸರಿ. ಸುಮ್ಮನೆ ಮಲಗಿದವರದೂ ತಿಳಿಯಾಗಿತ್ತು. ಕೇಳಿದರೆ ಸಹೋದ್ಯೋಗಿ, ‘ವಿಶ್ರಾಂತಿನೂ ಔಷಧನರಿ ಮೇಡಮ್. ಈ ಊರಾಗ ಒಂದು ತಾಸು ಸುಮ್ಮನ ಮಲಗಾಕ ಯಾರಿಗೆ ಸಿಗ್ತದ?’ ಎಂದರು. ಕೇಳಲು ಚೆನ್ನಾಗಿತ್ತು. ಆದರೆ ಮಲಗಿದವರದೂ ಚುಚ್ಚಿಸಿಕೊಂಡವರದೂ ಒಂದೇ ಸಮನೆ ಇಳಿಯುವುದೆಂದರೆ, ಇಳಿಸಿದ್ದು ಸೂಜಿಯೂ ಅಲ್ಲ, ಮಂಚವೂ ಅಲ್ಲವೇನೋ ಎಂಬ ಅನುಮಾನ ನನಗೆ ಅಂಟಿಕೊಂಡಿತು.

ಉತ್ತರ ಬಂದದ್ದು ಮೆಟ್ರೋ ಕೈಕೊಟ್ಟ ಒಂದು ಬೆಳಿಗ್ಗೆ. ಯಾವುದೋ ತಾಂತ್ರಿಕ ಅಡಚಣೆಯಿಂದ ರೈಲುಗಳು ನಿಂತಿದ್ದವು. ಕೊನೆಯಲ್ಲಿ ಉಳಿದಿದ್ದ ಒಂದಿಬ್ಬರ ರಕ್ತವನ್ನು ಸಹೋದ್ಯೋಗಿ ಮತ್ತೆ ಸ್ಕೂಟರಿನಲ್ಲಿ ತಂದರು. ಯಂತ್ರದಲ್ಲಿ ತಿರುಗಿಸಿದ ಮೇಲೆ ಟ್ಯೂಬಿನ ಮೇಲ್ಭಾಗದಲ್ಲಿ ನಿಲ್ಲುವ ತಿಳಿ ಒಣಹುಲ್ಲಿನ ಬಣ್ಣದಲ್ಲಿರಬೇಕು. ಅವತ್ತು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಬಹಳ ಸಣ್ಣಗೆ, ಹುಡುಕಿದರೆ ಮಾತ್ರ ಕಾಣುವಷ್ಟು, ಕೆಂಪಿನ ಛಾಯೆ ಇತ್ತು. ಕುಲುಕಾಟಕ್ಕೆ ಕೆಂಪು ಕಣಗಳು ಒಡೆದಿದ್ದವು. ಒಡೆದ ಕಣದ ಕೆಂಪು ತಾನೇ ಗುಲಾಬಿಯ ಜೊತೆ ಸೇರಿಕೊಂಡು ಬಣ್ಣ ಹೆಚ್ಚಿಸುತ್ತದೆ, ಅದರೊಳಗಿನ ಕಬ್ಬಿಣವು ಟ್ಯೂಬಿನೊಳಗೇ ಹೊಸದಾಗಿ ಕಮಟು ಹುಟ್ಟಿಸುತ್ತದೆ. ಮೊದಲ ರಕ್ತವೆಲ್ಲ ಬಂದದ್ದು ಸ್ಕೂಟರಿನಲ್ಲಿ, ಎರಡನೆಯದು ಮೆಟ್ರೋದಲ್ಲಿ.

ಖಾತ್ರಿ ಮಾಡಿಕೊಳ್ಳದೆ ಬಾಯಿ ಬಿಡುವಂತಿರಲಿಲ್ಲ. ಕಾಲೇಜಿನ ನರ್ಸಮ್ಮನ ಹತ್ತಿರ ನನ್ನದೇ ರಕ್ತ ತೆಗೆಸಿದೆ. ನಾನು ಟ್ಯೂಬಿನವಳು, ಸಿರಿಂಜಿನವಳಲ್ಲ, ಇಷ್ಟು ವರ್ಷಗಳಲ್ಲಿ ಒಬ್ಬರಿಗೂ ಸೂಜಿ ಚುಚ್ಚಿದವಳಲ್ಲ. ಅದೇ ರಕ್ತವನ್ನು ಎರಡು ಭಾಗ ಮಾಡಿ ಎರಡು ಐಸಿನ ಚೀಲಗಳಲ್ಲಿಟ್ಟೆ. ಒಂದು ಚೀಲ ನನ್ನ ಮೇಜಿನ ಮೇಲೆ ಕುಳಿತಿತು. ಇನ್ನೊಂದನ್ನು ಸಹೋದ್ಯೋಗಿಯ ಪಾದಗಳ ನಡುವೆ ಇಟ್ಟು, ‘ಹಲಸೂರಿಗೆ ಹೋಗಿ ಬನ್ನಿ’ ಎಂದೆ.

‘ಅಲ್ಲೇನು ತರೂದೈತ್ರಿ?’

‘ಏನೂ ಇಲ್ಲ. ನನ್ನ ರಕ್ತಕ್ಕೆ ಊರು ತೋರಿಸ್ಕೊಂಡ್ ಬನ್ನಿ.’

ಅವರು ನಗುತ್ತಾ ಹೋದರು. ಬಂದ ಮೇಲೆ ಎರಡನ್ನೂ ಒಟ್ಟಿಗೆ ಅಳೆದೆ. ಊರು ನೋಡಿ ಬಂದ ರಕ್ತದ ಬಣ್ಣ ಮೇಜಿನ ಮೇಲೆ ಕುಳಿತಿದ್ದಕ್ಕಿಂತ ಗಾಢವಾಗಿತ್ತು. ರೋಗಿಗಳಲ್ಲಿ ಚಿಕಿತ್ಸೆಯ ಮೊದಲಿಗೂ ಆಮೇಲಿಗೂ ನಡುವೆ ಕಂಡ ಅಂತರ ಇದಕ್ಕೆ ಬಹಳ ಹತ್ತಿರದ್ದು. ಸಹೋದ್ಯೋಗಿ ಎರಡೂ ಕೊಳವೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

‘ಅಂದ್ರ ನಾವು ಅಳದದ್ದು ಮಂದಿ ರಕ್ತ ಅಲ್ಲ, ಟಿನ್ ಫ್ಯಾಕ್ಟರಿ ಗುಂಡಿ ಅನ್ರಿ’ ಎಂದರು.

ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅವತ್ತು. ಸಿಡಿಮಿಡಿ ಎನ್ನಲಿಲ್ಲ, ಅಂಕಿಗಳನ್ನು ಹೇಗಾದರೂ ಉಳಿಸಿಕೊಳ್ಳಬಹುದೇ ಎಂದು ಕೇಳಲಿಲ್ಲ. ಎಲ್ಲವನ್ನೂ ಕೈಬಿಟ್ಟು ಹೊಸದಾಗಿ ಶುರುಮಾಡೋಣ, ಈ ಸಲ ಎರಡೂ ಸಲದ ರಕ್ತ ಮೆಟ್ರೋದಲ್ಲೇ ಬರಲಿ ಎಂದರು. ಆ ಹೊಸ ಸುತ್ತು ಇನ್ನೂ ನಡೆಯುತ್ತಿದೆ. ಸೂಜಿಯಿಂದ ಸ್ವಲ್ಪ ಇಳಿಯುವ ಹಾಗೆ ಕಾಣುತ್ತದೆ, ಕಾಣುವುದೇ ಇಲ್ಲ ಎನ್ನುವ ದಿನಗಳೂ ಇವೆ. ಇದ್ದರೂ ಇರಬಹುದು ಎನ್ನುವುದಕ್ಕಿಂತ ಹೆಚ್ಚಿನ ಮಾತನ್ನು ನನ್ನ ಬಾಯಿಂದ ಈಗ ಯಾರೂ ಹೊರಡಿಸಲಾರರು.

ಆದರೆ ಅಕ್ಕನಿಗೆ ಹೇಳಬೇಕಿತ್ತಲ್ಲ. ಅವಳ ಕ್ಲಿನಿಕ್ಕಿನ ದಿನ ನೋಡಿ ನಾನೂ ಹೋದೆ. ಮನೆಯಲ್ಲಿ ಹೇಳಿದರೆ ಯಂತ್ರ ತುಳಿಯುತ್ತಾಳೆ, ಇಲ್ಲಿ ಸೂಜಿ ಇರುವಷ್ಟು ಹೊತ್ತು ಎದ್ದು ಹೋಗಲಾರಳು ಎಂಬ ಲೆಕ್ಕಾಚಾರವೂ ಇತ್ತು. ಡಾಕ್ಟರು ಮುಂಗೈಗಳಿಗೆ ಸೂಜಿ ಹಾಕಿ ಮುಗಿಸಿದ್ದರು. ನಾನು ಸ್ಕೂಟರು, ಗುಂಡಿ, ಒಡೆದ ಕೆಂಪು ಕಣ, ಎಲ್ಲವನ್ನೂ ಹೇಳಿದೆ. ನಿನ್ನ ರಕ್ತ ಸುಧಾರಿಸಿತೋ ಇಲ್ಲವೋ ನಮಗೆ ಗೊತ್ತಿಲ್ಲ ಎಂದೆ.

ಅಕ್ಕ ಕಣ್ಣು ಬಿಟ್ಟು ಚಾವಣಿ ನೋಡುತ್ತಿದ್ದಳು. ‘ನನ್ನ ರಕ್ತ ಸ್ಕೂಟರ್ ಮೇಲೆ ಹೋಗಿದ್ದಕ್ಕೆ ನಾನೇನೇ ಮಾಡ್ಲಿ? ಉರಿ ಹೋಗಿದ್ದು ಸುಳ್ಳಾ?’

‘ಅದು ಸುಳ್ಳಲ್ಲ.’

‘ಮತ್ತೆ ನಂಗಷ್ಟೇ ಸಾಕು.’

ಡಾಕ್ಟರು ಅಷ್ಟರಲ್ಲಿ ಅವಳ ಸೀರೆಯ ಅಂಚನ್ನು ಸ್ವಲ್ಪ ಸರಿಸಿ ಪಾದ ನೋಡುತ್ತಿದ್ದರು. ಪ್ರತಿ ಸಲವೂ ನೋಡುತ್ತಾರೆ, ಅದು ಅವರ ಪದ್ಧತಿ. ಈ ಸಲ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಅವರ ಕೈ ನಿಂತಿತು. ಬಂಗಾರದ ಬಣ್ಣದ ಪಟ್ಟಿ ಕಚ್ಚಿದ ಜಾಗದಲ್ಲಿ ಒಂದು ಹುಣ್ಣು. ಅಂಚು ಬೆಳ್ಳಗಾಗಿ, ನಡುವೆ ಹಸಿಯಾಗಿತ್ತು.

‘ಯಾವಾಗಿಂದ ಅಕ್ಕ ಇದು?’ ಎಂದರು ಡಾಕ್ಟರು.

‘ಯಾವ್ದು?’ ಎಂದಳು ಅಕ್ಕ. ಅವಳಿಗೆ ಗೊತ್ತೇ ಇರಲಿಲ್ಲ. ಒಂದು ಕಾಲಕ್ಕೆ ಉರಿಯುತ್ತಿದ್ದ ಪಾದ ಸಕ್ಕರೆಗೆ ನರ ಕೆಟ್ಟು ಜೋಮು ಹಿಡಿದು, ಚಪ್ಪಲಿ ಕಚ್ಚಿದ್ದೂ ತಿಳಿದಿರಲಿಲ್ಲ. ನಮ್ಮ ಅಮ್ಮನಿಗೂ ಸಕ್ಕರೆ ಕಾಯಿಲೆಯಿತ್ತು, ಅವಳ ಕಾಲಿಗೆ ನಂಜೇರಿದ್ದೂ ಇಂಥದೇ ಒಂದು ಹುಣ್ಣಿನಿಂದ ಎಂಬುದು ನನಗೂ ನೆನಪಿದೆ.

‘ಗಾಯ ಮಾಯೋವರೆಗೂ ಈ ಕಾಲಿಗೆ ನಾನು ಸೂಜಿ ಹಾಕಲ್ಲ’ ಎಂದರು ಡಾಕ್ಟರು. ‘ಸಕ್ಕರೆ ಇಳೀದೆ ಗಾಯ ಮಾಯಲ್ಲ. ನನ್ನ ಸೂಜಿ ಉರಿಗೆ ಅಕ್ಕ, ಸಕ್ಕರೆಗಲ್ಲ. ಮೊದಲನೇ ದಿನವೇ ಹೇಳಿದ್ದೆ. ಇವತ್ತೇ ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ.’ ಗಟ್ಟಿಯಾಗಿ ಹೇಳಲಿಲ್ಲ, ಆದರೆ ಮಾತು ಮುಗಿದ ಹಾಗೆ ಹೇಳಿದರು.

ಇಂದಿರಾನಗರದ ಡಾಕ್ಟರು ಗಾಯ ತೊಳೆದು ಕಟ್ಟು ಹಾಕಿದರು. ನಮ್ಮೆದುರಿಗೇ ಇನ್ಸುಲಿನ್ ಪೆನ್ನನ್ನು ಹೇಗೆ ಹಿಡಿಯಬೇಕು, ಎಲ್ಲಿ ಚುಚ್ಚಬೇಕು ಎಂದು ತೋರಿಸಿದರು. ಇನ್ನೂ ತಡ ಮಾಡಿದರೆ ಬೆರಳು ಉಳಿಯುವುದು ಕಷ್ಟ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು. ಜೋಗುಪಾಳ್ಯದ ಮನೆಗೆ ಬಂದು, ಯಂತ್ರದ ಮುಂದಿನ ಸ್ಟೂಲಿನಲ್ಲಿ ಕುಳಿತು, ಪೆನ್ನನ್ನು ಯಂತ್ರದ ಹಲಗೆಯ ಮೇಲೆ ಇಟ್ಟಳು. ಅದನ್ನೇ ನೋಡುತ್ತಾ ಕುಳಿತಳು.

‘ಚುಚ್ಕೊ ಅಕ್ಕ. ನೀನು ಅಷ್ಟೊಂದು ಸೂಜಿ ಚುಚ್ಚಿಸ್ಕೊಂಡು ಗೊರಕೆ ಹೊಡಿಯೋಳು. ಇದೇನು ಮಹಾ?’ ನನ್ನ ದನಿಯಲ್ಲಿ ಸಿಟ್ಟಿತ್ತು. ಭಯ ಆದಾಗಲೂ ನನಗೆ ಬರುವುದು ಸಿಟ್ಟೇ.

‘ಚುಚ್ಚಿಸ್ಕೊಳ್ಳೋಕೆ ನಂಗೇನು ಭಯ ಇಲ್ಲ ಕಣೇ’ ಎಂದಳು ಅಕ್ಕ. ‘ಚುಚ್ಚೋಕೆ ಆಗಲ್ಲ.’

ಆಮೇಲೆ ಹೇಳಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿ ಬೆಳೆದರೂ ನನಗೆ ಗೊತ್ತಿರದಿದ್ದ ಮಾತು. ಅಮ್ಮನಿಗೆ ದಿನಾ ಇನ್ಸುಲಿನ್ ಕೊಡುತ್ತಿದ್ದವಳು ಅಕ್ಕನೇ. ಆಗ ಅವಳು ಹೈಸ್ಕೂಲಿನ ಹುಡುಗಿ. ಗಾಜಿನ ಸಿರಿಂಜನ್ನು ಸೀಮೆಎಣ್ಣೆ ಸ್ಟವ್ ಮೇಲೆ ಕುದಿಸಿ, ಆರಿಸಿ, ಸ್ಕೂಲಿಗೆ ಹೊರಡುವ ಮೊದಲು ಚುಚ್ಚುತ್ತಿದ್ದಳು. ಆಗಿನ ಸೂಜಿ ದಪ್ಪ. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳಂತೆ, ಒಳಗಿನ ಕೋಣೆಯಲ್ಲಿ ಮಲಗಿದ ನನಗೆ ಕೇಳದಿರಲಿ ಎಂದು.

‘ಕೊನೇ ದಿನ ಬೆಳಿಗ್ಗೆನೂ ನಾನೇ ಚುಚ್ಚಿದ್ದು’ ಎಂದಳು. ‘ಸಂಜೆ ಸ್ಕೂಲಿಂದ ಬರೋಷ್ಟ್ರಲ್ಲಿ ಅಮ್ಮ ಇರ್ಲಿಲ್ಲ. ಜಾಸ್ತಿ ಆಗೋಯ್ತೇನೋ, ಗಾಳಿ ಹೋಯ್ತೇನೋ, ಏನ್ ಮಾಡ್ಬಿಟ್ನೋ ಅಂತ. ಯಾರನ್ನ ಕೇಳ್ಲಿ? ಕೇಳಿದ್ರೆ ಹೌದು ಅಂದ್ಬಿಟ್ರೆ?’

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ಕತ್ತರಿಸಿಟ್ಟಿದ್ದ ಬಟ್ಟೆಯ ಚೂರೊಂದನ್ನು ತೆಗೆದು ನನಗೆ ಮುಖ ಒರೆಸಿಕೊಳ್ಳಲು ಕೊಟ್ಟಳು. ಅಮ್ಮನ ಕಾಲಿನ ನಂಜು ಆಗಲೇ ಮೈಗೆಲ್ಲ ಏರಿತ್ತು, ಕಿಡ್ನಿಗಳೂ ಹೋಗಿದ್ದವು, ಅಪ್ಪನಿಗೆ ಆಸ್ಪತ್ರೆಯವರು ಮೊದಲೇ ಹೇಳಿದ್ದರು, ಅಪ್ಪ ತನ್ನ ಕೊನೆಗಾಲದಲ್ಲಿ ನನ್ನ ಹತ್ತಿರ ಇದನ್ನೆಲ್ಲ ಹೇಳಿದ್ದ. ಅಕ್ಕನಿಗೆ ಗೊತ್ತಿದೆಯೆಂದೇ ಅಪ್ಪನೂ ನಾನೂ ತಿಳಿದಿದ್ದೆವು. ಅದನ್ನು ಈಗ ಅವಳಿಗೆ ಒಂದೊಂದಾಗಿ ಹೇಳಿದೆ. ನೀನು ಚುಚ್ಚಿದ್ದರಿಂದ ಅಮ್ಮ ಅಷ್ಟು ದಿನ ಇದ್ದದ್ದು, ಅದರಿಂದ ಹೋದದ್ದಲ್ಲ ಎಂದೆ. ಅವಳು ಕೇಳಿಸಿಕೊಂಡಳು. ನಂಬಿದಳೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಇಷ್ಟು ವರ್ಷ ಹೊತ್ತದ್ದನ್ನು ಒಂದು ಸಂಜೆಗೆ ಇಳಿಸಿಬಿಡಬೇಕೆಂದು ನಾನೂ ಕೇಳಲಿಲ್ಲ.

‘ನಾನು ಚುಚ್ತೀನಿ’ ಎಂದೆ. ‘ದಿನಾ ಕಾಲೇಜಿಂದ ಬರ್ತಾ ಹಲಸೂರಲ್ಲಿ ಇಳ್ದು ಬರ್ತೀನಿ. ನೀನು ಮುಟ್ಟಲೇಬೇಡ.’

‘ನೀನು ಯಾವತ್ತಾದ್ರೂ ಯಾರಿಗಾದ್ರೂ ಚುಚ್ಚಿದ್ದೀಯಾ?’

‘ಇವತ್ತು ಕಲೀತೀನಿ ಬಿಡು.’

ಪೆನ್ನು ಹಿಡಿದೆ. ಅವಳು ಸೆರಗು ಸರಿಸಿ, ಹೊಟ್ಟೆಯ ಚರ್ಮವನ್ನು ತಾನೇ ಎರಡು ಬೆರಳಲ್ಲಿ ಹಿಡಿದು ಕೊಟ್ಟಳು. ಸೂಜಿಯ ತುದಿ ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೂ ನನಗೆ ಮುಂದಕ್ಕೆ ಒತ್ತಲಾಗಲಿಲ್ಲ. ನೋಯಬಾರದೆಂದು ಮೆಲ್ಲಗೆ, ಬಹಳ ಮೆಲ್ಲಗೆ ಹತ್ತಿರ ತಂದೆ.

‘ಮೆಲ್ಲಗಲ್ಲ ಕಣೇ, ಬೇಗ’ ಎಂದಳು ಅಕ್ಕ. ‘ಅಮ್ಮ ಅದನ್ನೇ ಹೇಳ್ತಿದ್ಲು. ನೀನು ಪ್ರೀತಿಯಿಂದ ಮೆಲ್ಲಗೆ ಚುಚ್ತೀಯ, ಅದಕ್ಕೇ ನೋಯೋದು ಅಂತ.’

ಚುಚ್ಚಿದೆ. ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಹೊತ್ತು ಹಾಗೇ ಹಿಡಿದು ಹೊರತೆಗೆದೆ. ‘ಆಯ್ತಾ?’ ಎಂದಳು. ‘ಆಯ್ತು’ ಎಂದೆ. ಹೊರಡುವಾಗ ಅವಳು ಎಂದಿನಂತೆ, ಊಟಕ್ಕೆ ಏನು ಮಾಡುತ್ತೀ ಎಂದು ಕೇಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ‘ನಾಳೆ ಸಂಜೆ ಬಾ’ ಎಂದಳು ಅಷ್ಟೇ. ಆ ‘ಸಂಜೆ’ ಎನ್ನುವ ಮಾತು ಅವಳ ಬಾಯಲ್ಲಿ ಎಷ್ಟು ಭಾರವಾಗಿತ್ತೆಂದು ನನಗೆ ಹೊಳೆದದ್ದು ಬೀದಿಯ ತಿರುವಿಗೆ ಬಂದ ಮೇಲೆ.

ಮರುದಿನ ಪ್ರಯೋಗಾಲಯದಲ್ಲಿ ನನ್ನ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ಮಧ್ಯಾಹ್ನ ಫೋನು ಮಾಡಿದೆ, ಎತ್ತಲಿಲ್ಲ. ಯಂತ್ರ ತುಳಿಯುತ್ತಿದ್ದರೆ ಅವಳಿಗೆ ಫೋನು ಕೇಳುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಹಲಸೂರಿನಲ್ಲಿ ಇಳಿದವಳು ನಡೆಯಲಿಲ್ಲ, ಓಡಿದೆ. ಈ ವಯಸ್ಸಿನಲ್ಲಿ, ಹೆಗಲಿಗೆ ಬ್ಯಾಗು ಹಾಕಿಕೊಂಡು, ಜೋಗುಪಾಳ್ಯದ ಸಂಜೆಯ ಜನರ ನಡುವೆ, ತರಕಾರಿ ಗಾಡಿಗಳನ್ನು ತಪ್ಪಿಸಿಕೊಂಡು ಓಡಿದೆ.

ಅಕ್ಕ ಕಟ್ಟು ಹಾಕಿದ ಕಾಲನ್ನು ಸ್ಟೂಲಿನ ಮೇಲೆ ನೀಡಿ, ಒಂದೇ ಕಾಲಿನಲ್ಲಿ ಪೆಡಲು ತುಳಿಯುತ್ತಿದ್ದಳು. ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತ ನನ್ನನ್ನು ನೋಡಿ ಯಂತ್ರ ನಿಲ್ಲಿಸಿದಳು.

‘ಇದ್ದೀನಿ ಕಣೇ’ ಎಂದಳು.